ಮ್ಯೂಸಿಕ್ ಪ್ಲೇಯರ್ ಕೊಳ್ಳುವ ಮುಂಚೆ ಕಂಪ್ಯೂಟರ್ ತೆರೆದು ನೋಡಿ

2022ರ ಮೇನಲ್ಲಿ ಆಪಲ್ ಐಪಾಡ್ ನಿಲ್ಲಿಸಿದಾಗ, ಮ್ಯೂಸಿಕ್ ಪ್ಲೇಯರ್‌ಗಳ ಕಾಲ ಮುಗಿಯಿತು ಎಂದುಕೊಂಡವರೇ ಜಾಸ್ತಿ. ಮುಗಿದಿಲ್ಲ. ಸೋನಿ ವಾಕ್‌ಮನ್ ಆಮೇಲೂ ಬಂತು. ಫಿಯೊ, ಹೈಬಿಯಂಥ ಕಂಪನಿಗಳಂತೂ ಹೊಸ ಹೊಸ ಮಾಡೆಲ್ ತರುತ್ತಲೇ ಇವೆ. ಕಂಪ್ಯೂಟರಿನಲ್ಲಿ ವರ್ಷಗಟ್ಟಲೆ ಹಾಡು ಕೂಡಿಟ್ಟವರಿಗೆ, ಕರೆ ಮತ್ತು ಮೆಸೇಜಿನ ಕಾಟವಿಲ್ಲದೆ ಕೇಳಬೇಕು ಅನ್ನುವವರಿಗೆ ಈ ಪುಟ್ಟ ಯಂತ್ರ ಈಗಲೂ ಬೇಕು.

ಜಾಹೀರಾತುಗಳು ಮೊದಲು ಹೇಳುವುದು ಸೌಂಡ್ ಬಗ್ಗೆ. ಆದರೆ ಈಗಿನ ಪ್ಲೇಯರ್‌ಗಳಲ್ಲಿ ಸೌಂಡ್ ತೀರಾ ಕೆಟ್ಟದ್ದು ಅಪರೂಪ. ತಲೆನೋವು ಕೊಡುವುದು ಹಾಡು ತುಂಬುವ ಕೆಲಸ. ಕಂಪ್ಯೂಟರಿಗೂ ಪ್ಲೇಯರಿಗೂ ಹೊಂದಾಣಿಕೆ ಇಲ್ಲದಿದ್ದರೆ ಎಷ್ಟು ಒಳ್ಳೆಯದಾದರೂ ಅದು ಡ್ರಾಯರ್ ಸೇರುತ್ತದೆ. ಹಾಗಾಗಿ ಆಯ್ಕೆ ಶುರುವಾಗಬೇಕಾದ್ದು ಕಂಪ್ಯೂಟರಿನಿಂದ.

ಮೊದಲು ಹಾಡುಗಳ ಲೆಕ್ಕ

ಹಾಡಿರುವ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್ ನೋಡಿ. ಮ್ಯಾಕ್ ಆದರೆ ಗೆಟ್ ಇನ್ಫೋ. ಒಟ್ಟು ಎಷ್ಟು ಜಿಬಿ ಎಂದು ಬರೆದುಕೊಳ್ಳಿ. ಆಮೇಲೆ ಫೈಲ್‌ಗಳ ಹೆಸರಿನ ಕೊನೆ ನೋಡಿ: ಎಂಪಿ3, ಎಂ4ಎ, ಫ್ಲಾಕ್, ಡಬ್ಲ್ಯುಎಂಎ, ಏನೇನಿದೆ? ಕೊಳ್ಳುವ ಪ್ಲೇಯರ್ ಈ ಬಗೆಯ ಫೈಲ್‌ಗಳನ್ನು ನುಡಿಸಬೇಕು.

320 ಕೆಬಿಪಿಎಸ್ (ಸೆಕೆಂಡಿಗೆ 320 ಕಿಲೋಬಿಟ್) ಎಂಪಿ3 ನಿಮಿಷಕ್ಕೆ ಸುಮಾರು 2.4 ಎಂಬಿ ತಿನ್ನುತ್ತದೆ. 128 ಆದರೆ ಒಂದು ಎಂಬಿಯಷ್ಟು. ಸಿಡಿಯ ಗುಣಮಟ್ಟವನ್ನು ಹಾಗೇ ಉಳಿಸುವ ಫ್ಲಾಕ್‌ಗೆ ನಿಮಿಷಕ್ಕೆ 5ರಿಂದ 7 ಎಂಬಿ ಬೇಕು. ಐದು ನಿಮಿಷದ 2000 ಹಾಡು 320ರ ಎಂಪಿ3ಯಲ್ಲಿ 24 ಜಿಬಿ ಆದರೆ, ಫ್ಲಾಕ್‌ನಲ್ಲಿ 60 ಜಿಬಿ ಆಸುಪಾಸು. 64 ಜಿಬಿ ಮೆಮೊರಿ ಕಾರ್ಡ್ ಸಾಕು ಎಂದುಕೊಳ್ಳಬೇಡಿ. ಅದನ್ನು ವಿಂಡೋಸ್ ತೋರಿಸುವುದೇ 59 ಜಿಬಿ ಚಿಲ್ಲರೆ ಎಂದು.

ಇರುವ ಎಂಪಿ3ಗಳನ್ನು ಫ್ಲಾಕ್‌ಗೆ ಬದಲಾಯಿಸಿದರೆ ಚೆನ್ನಾಗಿ ಕೇಳುತ್ತದಾ ಎಂದು ಕೆಲವರು ಕೇಳುತ್ತಾರೆ. ಇಲ್ಲ. ಎಂಪಿ3 ಮಾಡುವಾಗ ಹೋದದ್ದು ಹೋಯಿತು, ಫೈಲ್ ಮಾತ್ರ ಸುಮ್ನೆ ದಪ್ಪ ಆಗುತ್ತದೆ.

ಪ್ಲೇಯರಿನ ಒಳಗೇ ಇರುವ ಜಾಗಕ್ಕಿಂತ ಮೈಕ್ರೊ ಎಸ್‌ಡಿ ಸ್ಲಾಟ್ ಮುಖ್ಯ. ಕಾರ್ಡ್ ದೊಡ್ಡದು ಹಾಕಿಕೊಳ್ಳಬಹುದು, ಪ್ಲೇಯರ್ ಕೆಟ್ಟರೂ ಹಾಡು ಉಳಿಯುತ್ತದೆ. ಆದರೆ ಎಷ್ಟು ಜಿಬಿವರೆಗೆ ಎಂಬುದನ್ನು ವಿವರದಲ್ಲಿ ಓದಿಯೇ ಕೊಳ್ಳಿ. ಹಳೆಯ ಮತ್ತು ಅಗ್ಗದ ಪ್ಲೇಯರ್‌ಗಳು 32 ಜಿಬಿಗೇ ನಿಲ್ಲುವುದುಂಟು.

ಕೇಬಲ್ ಹಾಕಿದಾಗ ಏನಾಗುತ್ತದೆ?

ಅಂಗಡಿಯವರನ್ನು ಕೇಳಲೇಬೇಕಾದ ಪ್ರಶ್ನೆ ಇದು. ಉತ್ತರ ಮೂರು ಥರ ಬರಬಹುದು.

ಒಂದು, ಪೆನ್‌ಡ್ರೈವ್ ಹಾಗೆ ಕಾಣಿಸುವುದು. ವಿಂಡೋಸ್, ಮ್ಯಾಕ್, ಲಿನಕ್ಸ್ ಯಾವುದಿದ್ದರೂ ಫೋಲ್ಡರ್ ಎಳೆದು ಹಾಕಿದರೆ ಮುಗಿಯಿತು. ನನ್ನ ಓಟು ಇದಕ್ಕೇ.

ಎರಡು, ಎಂಟಿಪಿ, ಅಂದರೆ ಡ್ರೈವ್ ಆಗಿ ಕಾಣಿಸದೆ ಫೈಲ್ ಸಾಗಿಸುವ ಪದ್ಧತಿ. ಆಂಡ್ರಾಯ್ಡ್ ಫೋನ್‌ಗಳದ್ದೂ ಇದೇ ಪದ್ಧತಿ. ವಿಂಡೋಸ್‌ನಲ್ಲಿ ತೊಂದರೆ ಇಲ್ಲ. ಮ್ಯಾಕ್ ಮಾತ್ರ ತಾನಾಗಿ ಇದನ್ನು ತೆರೆಯುವುದಿಲ್ಲ, ಬೇರೆ ಸಾಫ್ಟ್‌ವೇರ್ ಹಾಕಿಕೊಳ್ಳಬೇಕು. ಪ್ಲೇಯರಿನೊಳಗಿನ ಹಾಡಿನ ಹೆಸರನ್ನು ಅಲ್ಲೇ ತಿದ್ದುವುದಕ್ಕೂ ಎಂಟಿಪಿ ಸಾಮಾನ್ಯವಾಗಿ ಒಗ್ಗುವುದಿಲ್ಲ. ಕೆಲವು ಪ್ಲೇಯರ್‌ಗಳ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಮೋಡ್ ಬದಲಾಯಿಸುವ ಅವಕಾಶ ಇರುತ್ತದೆ, ಹುಡುಕಿ ನೋಡಿ.

ಮೂರು, ತನ್ನದೇ ಸಾಫ್ಟ್‌ವೇರ್ ಬೇಡುವುದು. ಸೆಕೆಂಡ್ ಹ್ಯಾಂಡ್ ಐಪಾಡ್ ಕೊಳ್ಳುವವರು ಇಲ್ಲಿ ಹುಷಾರು. ಅದಕ್ಕೆ ಆಪಲ್‌ನ ಐಟ್ಯೂನ್ಸ್ (ಹೊಸ ಮ್ಯಾಕ್ ಆದರೆ ಫೈಂಡರ್) ಮೂಲಕವೇ ಹಾಡು ಹೋಗಬೇಕು. ಸುಮ್ನೆ ಫೋಲ್ಡರ್ ಎಳೆದು ಹಾಕಿದರೆ ಜಾಗ ತುಂಬುತ್ತದೆ, ಹಾಡು ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಫ್ಲಾಕ್ ಕೂಡ ಅದಕ್ಕೆ ಆಗುವುದಿಲ್ಲ.

ಸ್ಟ್ರೀಮಿಂಗ್ ಆ್ಯಪ್‌ನಲ್ಲಿ ಡೌನ್‌ಲೋಡ್ ಮಾಡಿಟ್ಟ ಹಾಡುಗಳು ಬೀಗ ಹಾಕಿದ ಫೈಲ್‌ಗಳು. ಅವನ್ನು ಕಾಪಿ ಮಾಡಿ ಪ್ಲೇಯರಿನಲ್ಲಿ ಕೇಳಲಾಗದು. ಅವೂ ಬೇಕೆಂದರೆ ಆ ಆ್ಯಪ್ ಹಾಕಿಕೊಳ್ಳಬಹುದಾದ, ವೈಫೈ ಇರುವ ಆಂಡ್ರಾಯ್ಡ್ ಪ್ಲೇಯರ್ ನೋಡಿ. ಬೆಲೆ ಏರುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ.

ಹೆಸರು, ನಂಬರು

ಇದನ್ನು ಯಾರೂ ಹೇಳುವುದಿಲ್ಲ, ಆದರೆ ದಿನಾ ಕಾಡುವುದು ಇದೇ. ಪ್ಲೇಯರ್ ತೋರಿಸುವುದು ಬಹುಪಾಲು ಫೈಲಿನ ಹೆಸರನ್ನಲ್ಲ, ಅದರೊಳಗಿನ ಟ್ಯಾಗನ್ನು, ಅಂದರೆ ಫೈಲಿನೊಳಗೇ ಬರೆದಿಟ್ಟ ಹಾಡು, ಗಾಯಕರು, ಆಲ್ಬಂನ ವಿವರವನ್ನು. ಟ್ಯಾಗ್ ಖಾಲಿ ಇದ್ದರೆ ನೂರಾರು ಹಾಡು ‘ಅನ್‌ನೋನ್ ಆರ್ಟಿಸ್ಟ್’ ಎಂಬ ಒಂದೇ ರಾಶಿಗೆ ಬಂದು ಬೀಳುತ್ತವೆ. ಎಂಪಿ3ಟ್ಯಾಗ್, ಮ್ಯೂಸಿಕ್‌ಬ್ರೈನ್ಜ್ ಪಿಕಾರ್ಡ್‌ನಂಥ ಸಾಫ್ಟ್‌ವೇರ್‌ನಲ್ಲಿ ಇದನ್ನು ಕಂಪ್ಯೂಟರಿನಲ್ಲೇ ಸರಿಮಾಡಿಕೊಂಡು ಆಮೇಲೆ ಕಾಪಿ ಮಾಡಿ. ಟ್ಯಾಗ್ ಬಿಟ್ಟು ಫೋಲ್ಡರ್ ನೋಡಿಯೇ ನುಡಿಸುವುದಾದರೆ ಫೈಲುಗಳಿಗೆ 1, 2 ಅನ್ನುವ ಬದಲು 01, 02 ಎಂದು ನಂಬರು ಕೊಡಿ. ಇಲ್ಲದಿದ್ದರೆ ಅನೇಕ ಪ್ಲೇಯರ್‌ಗಳಲ್ಲಿ ಒಂದನೆಯ ಹಾಡು ಮುಗಿದ ಮೇಲೆ ಹತ್ತನೆಯದು ಬರುತ್ತದೆ.

ಕನ್ನಡದಲ್ಲಿ ಹೆಸರು ಬರೆದಿಟ್ಟಿದ್ದೀರಾ? ಹಾಗಾದರೆ ಎರಡು ಹಾಡು ಹಾಕಿ ಪ್ಲೇಯರ್ ಪರದೆಯಲ್ಲಿ ನೋಡಿಯೇ ಕೊಳ್ಳಿ. ಕನ್ನಡ ಫಾಂಟ್ ಇಲ್ಲದವು ಅಕ್ಷರದ ಜಾಗದಲ್ಲಿ ಸಾಲು ಸಾಲು ಚೌಕ ತೋರಿಸುತ್ತವೆ. ಇನ್ನು ಕೆಲವು ಒತ್ತಕ್ಷರವನ್ನು ಬಿಡಿಬಿಡಿಯಾಗಿ ಮುರಿದು ಇಡುತ್ತವೆ.

ಕೇಳುವ ಕಡೆ

ಹೆಡ್‌ಫೋನ್ ವೈರ್‌ನದ್ದಾದರೆ 3.5 ಎಂಎಂ ಜ್ಯಾಕ್ ಇದೆಯಾ ನೋಡಿ. ಬ್ಲೂಟೂತ್ ಆದರೆ, ಪ್ಲೇಯರ್ ಮತ್ತು ಹೆಡ್‌ಫೋನ್ ಎರಡರಲ್ಲೂ ಒಂದೇ ಕೋಡೆಕ್ (ಹಾಡನ್ನು ಕುಗ್ಗಿಸಿ ಕಳಿಸುವ ವಿಧಾನ) ಇರಬೇಕು. ಒಂದರಲ್ಲಿ ಎಲ್‌ಡಾಕ್ ಎಂಬ ಉತ್ತಮ ಕೋಡೆಕ್ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಎರಡರಲ್ಲೂ ಇರುವ ಎಸ್‌ಬಿಸಿ ಥರದ ಸಾಧಾರಣ ಕೋಡೆಕ್‌ಗೆ ಇಳಿಯುತ್ತವೆ. ಬ್ಲೂಟೂತ್‌ನಲ್ಲೇ ಕೇಳುವವರು ಪ್ಲೇಯರಿನ ದುಬಾರಿ ಡ್ಯಾಕ್ ಚಿಪ್‌ಗೆ ದುಡ್ಡು ಸುರಿಯಬೇಕಿಲ್ಲ. ಡ್ಯಾಕ್ ಮಾಡುವ, ಅಂದರೆ ಡಿಜಿಟಲ್ ಹಾಡನ್ನು ಸದ್ದಾಗಿ ಮಾಡುವ ಕೆಲಸ ಆಗ ಹೆಡ್‌ಫೋನಿನದ್ದು.

ಮೇಜಿನ ಮುಂದೆ ಜಾಸ್ತಿ ಹೊತ್ತು ಕೂರುವವರಿಗೆ ಒಂದು ಲಾಭದ ವಿಷಯ: ಕೆಲವು ಪ್ಲೇಯರ್‌ಗಳು ಯುಎಸ್‌ಬಿ ಡ್ಯಾಕ್ ಆಗಿಯೂ ಕೆಲಸ ಮಾಡುತ್ತವೆ. ಕೇಬಲ್ ಹಾಕಿದರೆ ಕಂಪ್ಯೂಟರಿನ ಸೌಂಡ್ ಪ್ಲೇಯರ್ ಮೂಲಕ ಹೆಡ್‌ಫೋನಿಗೆ ಬರುತ್ತದೆ. ಕಂಪ್ಯೂಟರಿನ ಜ್ಯಾಕ್‌ನಲ್ಲಿ ಕರಕರ ಸದ್ದು ಇದ್ದರೆ ಇದೊಂದೇ ಕಾರಣಕ್ಕೆ ಸ್ವಲ್ಪ ಹೆಚ್ಚು ಕೊಡಬಹುದು.

ತಂದ ದಿನ

ಎಲ್ಲವನ್ನೂ ಒಟ್ಟಿಗೆ ಸುರಿಯಬೇಡಿ. ಮೊದಲು ಒಂದು ಆಲ್ಬಂ ಹಾಕಿ, ‘ಎಜೆಕ್ಟ್’ ಕೊಟ್ಟು ಕೇಬಲ್ ತೆಗೆದು ಕೇಳಿ. ಪೂರ್ತಿ ತುಂಬುವಾಗ ತಾಳ್ಮೆ ಇರಲಿ. ಸೆಕೆಂಡಿಗೆ 10 ಎಂಬಿ ವೇಗವಾದರೆ 60 ಜಿಬಿಗೆ ಒಂದೂ ಮುಕ್ಕಾಲು ಗಂಟೆ ಹತ್ತಿರ ಹಿಡಿಯುತ್ತದೆ. ಕಾರ್ಡ್ ರೀಡರ್‌ನಲ್ಲಿ ಹಾಕಿದರೆ ಸಾಮಾನ್ಯವಾಗಿ ಇನ್ನೂ ಬೇಗ ಆಗುತ್ತದೆ.

ಅದಕ್ಕೂ ಮುಂಚೆ, ಹೊಸ ಕಾರ್ಡ್ ಖಾಲಿ ಇರುವಾಗಲೇ ಪರೀಕ್ಷಿಸಿ. ಸುಳ್ಳು ಜಿಬಿ ತೋರಿಸುವ ನಕಲಿ ಕಾರ್ಡ್‌ಗಳು ಬೇಕಾದಷ್ಟಿವೆ. ಇವು ಕಾಪಿ ಆಯಿತು ಎನ್ನುತ್ತವೆ, ಆಮೇಲೆ ಅರ್ಧ ಹಾಡು ತೆರೆಯುವುದಿಲ್ಲ. ವಿಂಡೋಸ್‌ಗೆ ಎಚ್2ಟೆಸ್ಟ್‌ಡಬ್ಲ್ಯು, ಮ್ಯಾಕ್ ಮತ್ತು ಲಿನಕ್ಸ್‌ಗೆ ಎಫ್3 ಎಂಬ ಉಚಿತ ಸಾಫ್ಟ್‌ವೇರ್ ಇವೆ. ಕಾರ್ಡನ್ನು ಪೂರ್ತಿ ತುಂಬಿಸಿ, ಬರೆದದ್ದನ್ನೆಲ್ಲ ಮತ್ತೆ ಓದಿ ಹೇಳುತ್ತವೆ. ರಾತ್ರಿ ಬಿಟ್ಟು ಮಲಗಿದರೂ ಆದೀತು. ಬೆಳಗ್ಗೆ ತಪ್ಪು ತೋರಿಸಿದರೆ ಬಿಲ್ ಸಮೇತ ಕಾರ್ಡ್ ವಾಪಸ್ ಕೊಡಿ.