ರೆಕ್ಕೆಯಡಿಯ ಗಾಯ
ಹಿರಿಯಡ್ಕದ ನಮ್ಮ ಅಡಿಕೆ ತೋಟದ ಬದಿಯಲ್ಲಿ ಒಂದು ಗಂಡು, ಐದು ಹೆಣ್ಣು ಟರ್ಕಿ ಕೋಳಿ ಸಾಕಿದ್ದೇನೆ. ಜೂನ್ ಮಳೆಯಲ್ಲಿ ಒಂದು ಹೆಣ್ಣು ಮೇವು ಬಿಟ್ಟು ಮೂಲೆ ಹಿಡಿಯಿತು. ಶೀತವೆಂದುಕೊಂಡು ಎರಡು ದಿನ ಕಳೆದೆ. ಮೂರನೇ ದಿನ ಹತ್ತಿರ ಹೋದಾಗ ವಾಸನೆ. ರೆಕ್ಕೆ ಎತ್ತಿದರೆ ಪಕ್ಕೆಯ ಚರ್ಮ ಬೆರಳುದ್ದ ಹರಿದು, ಹುಳ ಬಿದ್ದಿತ್ತು. ಗಂಡು ಮೇಲೇರಿದಾಗ ಉಗುರು ತಾಗಿದ್ದು. ಪುಕ್ಕ ಮುಚ್ಚಿದ್ದರಿಂದ ಹೊರಗೆ ಒಂದು ಹನಿ ರಕ್ತವೂ ಕಂಡಿರಲಿಲ್ಲ.

ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಕರಗಿಸಿ, ಸೂಜಿ ತೆಗೆದ ಸಿರಿಂಜಿನಿಂದ ಗಾಯಕ್ಕೆ ಹಾಯಿಸಿದೆ. ಯಜಮಾನರು ಹಕ್ಕಿಯನ್ನು ಟವೆಲಿನಲ್ಲಿ ಸುತ್ತಿ ಹಿಡಿದರು, ನಾನು ಚಿಮಟದಲ್ಲಿ ಹುಳಗಳನ್ನು ಒಂದೊಂದಾಗಿ ಹೆಕ್ಕಿದೆ. ಅರಸಿನ ತುಂಬಿಸು ಎಂದರು ಅತ್ತೆ. ಗೀರು ಗಾಯಕ್ಕೆ ನಾನೂ ಹಚ್ಚುತ್ತೇನೆ, ಆದರೆ ಇಷ್ಟು ಆಳದಲ್ಲಿ ಹುಡಿ ಗಟ್ಟಿಯಾಗಿ ಕುಳಿತರೆ ಅದರಡಿ ಕೀವು ತುಂಬುತ್ತದೆ.

ಪಶುವೈದ್ಯರು ನೋಡಿ, "ಹೊಲಿಗೆ ಬೇಡಮ್ಮ, ಇದು ಹಳೇ ಗಾಯ, ಹಾಕಿದರೆ ಕೊಳೆ ಒಳಗೇ ಉಳೀತದೆ. ಹೊಸತಿರುವಾಗಲೇ ತಂದಿದ್ದರೆ ಹಾಕಬಹುದಿತ್ತು" ಎಂದರು. ತೂಕ ನೋಡಿ ಆ್ಯಂಟಿಬಯೋಟಿಕ್ ಕೊಟ್ಟರು. ಮದ್ದಿನ ಅಂಶ ಮೊಟ್ಟೆಗೂ ಇಳಿಯುವುದರಿಂದ ಅವರು ಹೇಳಿದಷ್ಟು ದಿನ ಅದರ ಮೊಟ್ಟೆ ನಾವು ತಿನ್ನಲಿಲ್ಲ. ದಿನಕ್ಕೆರಡು ಸಲ ಉಪ್ಪುನೀರಲ್ಲಿ ತೊಳೆದು, ತಿಳಿ ಚಹಾದ ಬಣ್ಣಕ್ಕೆ ತೆಳು ಮಾಡಿದ ಪೊವಿಡೋನ್ ಅಯೋಡಿನ್ ಎಂಬ ಗಾಯದ ಮದ್ದು ಹಾಕಿದೆ. ನೊಣ ಬಾರದಂತೆ ಗೂಡಿಗೆ ಸೊಳ್ಳೆಪರದೆ ಕಟ್ಟಿದೆ.

ಗೂಡನ್ನು ಮಾತ್ರ ಉಳಿದ ಹಕ್ಕಿಗಳ ಕಣ್ಣೆದುರೇ ಇಟ್ಟೆ. ಗುಂಪಿನೊಳಗೆ ಬಿಟ್ಟರೆ ಕೆಂಪು ಕಂಡಲ್ಲಿ ಕುಕ್ಕುತ್ತವೆ. ಪೂರಾ ದೂರ ಇಟ್ಟರೆ ಇದು ಕೊರಗುತ್ತದೆ, ಮತ್ತೆ ಸೇರಿಸುವಾಗಲೂ ಜಗಳ. ನಾಲ್ಕನೇ ದಿನ ಕೈಯಿಂದಲೇ ಕುಚ್ಚಲಕ್ಕಿ ಅನ್ನ ತಿಂದಿತು. ಆ ದಿನದ ಸಮಾಧಾನ ಹೇಳಲಾರೆ. ಮೂರು ವಾರಕ್ಕೆ ಹೊಸ ಚರ್ಮ ಬಂತು.

ಈಗ ಗಂಡಿನ ಉಗುರಿನ ತುದಿಯನ್ನು ಅರದಿಂದ ಉಜ್ಜಿ ಮೊಂಡು ಮಾಡುತ್ತೇನೆ. ಹೆಣ್ಣುಗಳ ಬೆನ್ನಿಗೆ ಹಳೇ ಜೀನ್ಸ್ ಬಟ್ಟೆಯ ಹೊದಿಕೆ ಹೊಲಿದು, ರೆಕ್ಕೆಬುಡಕ್ಕೆ ಇಲಾಸ್ಟಿಕ್ ಹಾಕಿದ್ದೇನೆ. ಪಕ್ಕೆಯವರೆಗೂ ಇಳಿಯುವಷ್ಟು ಅಗಲ ಬೇಕು. ಅಡಿ ಒದ್ದೆಯಾದರೆ ಬಿಚ್ಚಿ ಒಣಗಿಸಬೇಕು, ನಮ್ಮ ಮಳೆಯಲ್ಲಿ ಅದೇ ದೊಡ್ಡ ಕೆಲಸ. ಕೂರುವ ಕೋಲನ್ನು ಮೊಣಕಾಲೆತ್ತರಕ್ಕೆ ಇಳಿಸಿ, ಕೆಳಗೆ ದಪ್ಪಗೆ ಉಮಿ ಹರಡಿದ್ದೇನೆ. ಭಾರದ ಹಕ್ಕಿ ಎತ್ತರದಿಂದ ಮುರಕಲ್ಲಿನ ನೆಲಕ್ಕೆ ಹಾರಿದರೆ ಪಾದದಡಿ ಒಡೆದು ಗಂಟು ಕಟ್ಟುತ್ತದೆ.

ಆದಿತ್ಯವಾರ ಬೆಳಿಗ್ಗೆ ಆರನ್ನೂ ಹಿಡಿದು ಎರಡೂ ರೆಕ್ಕೆ ಎತ್ತಿ ನೋಡುತ್ತೇನೆ, ಆಮೇಲೆಯೇ ಚಹಾ.