ಕೃಷಿ ಹೊಂಡದ ಲೆಕ್ಕ ಮಂಡಿ ಚೀಟಿಯಲ್ಲಿ ಸಿಕ್ಕಿತು

‘ನಿಮ್ಮ ಆದಾಯ ಎಷ್ಟು ಜಾಸ್ತಿ ಆಯ್ತು?’ ಅಂತ ಫಲಾನುಭವಿಗಳನ್ನು ಕೇಳುವುದನ್ನು ನಾನು ಬಿಟ್ಟಿದ್ದೇನೆ. ಕೋಲಾರ ಜಿಲ್ಲೆಯ ಕೃಷಿ ಹೊಂಡಗಳ ಮೌಲ್ಯಮಾಪನವನ್ನು ಮಂಡಿ ಚೀಟಿ (ಬೆಳೆ ಮಾರಿದಾಗ ಮಂಡಿಯವರು ಕೊಡುವ ರಸೀದಿ) ನೋಡಿ ಮಾಡುತ್ತೇನೆ ಅಂದಾಗ, ಸರ್ಕಾರಿ ಯೋಜನೆಗಳ ಮೌಲ್ಯಮಾಪನ ಮಾಡುವ ನಮ್ಮ ವೃತ್ತಿಯ ಹಿರಿಯರೇ ಬೇಡ ಅಂದಿದ್ದರು. ‘ರೈತರು ಚೀಟಿ ಇಟ್ಟುಕೊಂಡಿರ್ತಾರಾ? ಇಟ್ಟಿದ್ದರೂ ನಿಮಗ್ಯಾಕೆ ತೋರಿಸ್ತಾರೆ?’ ಈಗ ವರದಿಗೆ ಒಪ್ಪಿಗೆ ಸಿಕ್ಕಿದೆ, ಕೊನೆಯ ಕಂತಿನ ದುಡ್ಡೂ ಬಂದಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಈ ಹೊಂಡಗಳು 2014–15ರಲ್ಲಿ ಶುರುವಾದ ಕೃಷಿ ಭಾಗ್ಯದವು. ಮಳೆ ನೀರು ಹಿಡಿದಿಡಲು ಜಮೀನಿನಲ್ಲಿ ಹೊಂಡ ತೋಡಿಸುವ ರಾಜ್ಯ ಸರ್ಕಾರದ ಯೋಜನೆ ಅದು. ಸಾಮಾನ್ಯ ವರ್ಗಕ್ಕೆ ಶೇ. 80, ಪರಿಶಿಷ್ಟರಿಗೆ ಶೇ. 90 ಸಹಾಯಧನ. ಅದನ್ನು ಪಡೆದವರ ಮುಂದೆ ಫಾರಂ ಹಿಡಿದು ಕೂತರೆ ಎರಡೇ ಥರದ ಉತ್ತರ. ಮುಂದೆ ಇನ್ನೇನಾದರೂ ಸಿಗಬಹುದು ಅನ್ನಿಸಿದರೆ ‘ಏನೂ ಉಪಯೋಗ ಆಗಿಲ್ಲ ಸಾರ್’. ಕೊಟ್ಟಿದ್ದನ್ನು ವಾಪಸ್ ಕೇಳ್ತಾರೇನೋ ಅನ್ನೋ ಭಯ ಇದ್ದರೆ ‘ತುಂಬಾ ಚೆನ್ನಾಗಿದೆ ಸಾರ್’.

ಮೊದಲು ಮುಳಬಾಗಿಲು ಕಡೆ ಮಾಮೂಲಿ ಪ್ರಶ್ನಾವಳಿಯಲ್ಲೇ ಪ್ರಯತ್ನ ಮಾಡಿದೆವು. ಸುಮಾರು 30 ಪುಟ, ಒಂದು ಮನೆಗೆ ಎರಡು ಗಂಟೆ. ಸರ್ವೆ ಹುಡುಗರಿಗೆ ಫಾರಂ ಲೆಕ್ಕದಲ್ಲಿ 250 ರೂಪಾಯಿ. ಐದಾರು ಪುಟ ದಾಟಿದ ಮೇಲೆ ಎಲ್ಲ ಮನೆಯಲ್ಲೂ ಒಂದೇ ಉತ್ತರ! ಐವತ್ತು ಅರವತ್ತು ಫಾರಂ ಎಸೆದೆವು. ಜೀಪು, ಊಟ ಎಲ್ಲ ಸೇರಿ 30 ಸಾವಿರದ ಹತ್ತಿರ ಹೋಯಿತು.

ಇನ್ನೊಂದು ತೊಡಕು ಟೊಮೆಟೊ. 2023ರ ಜುಲೈನಲ್ಲಿ ಕೋಲಾರ ಮಂಡಿಯಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತ್ತಲ್ವಾ? ಆಗ ಮಾರಿದವರಿಗೆ ಹಿಂದಿನ ವರ್ಷಗಳದ್ದು ನೆನಪೇ ಇಲ್ಲ. ಬಂದ ದುಡ್ಡು ಹೊಂಡದಿಂದಲೋ ರೇಟಿನಿಂದಲೋ ಅಂತ ಬಾಯಿಮಾತಿನಲ್ಲಿ ಬಿಡಿಸಲು ಆಗುವುದಿಲ್ಲ.

ಅದಕ್ಕೆ ರೂಪಾಯಿ ಬಿಟ್ಟೆ, ಬಾಕ್ಸ್ ಎಣಿಸಿದೆ. ಚೀಟಿಯಲ್ಲಿ ತಾರೀಕು, ಬಾಕ್ಸ್, ರೇಟು ಮೂರೂ ಇರುತ್ತವೆ. ನನಗೆ ಬೇಕಿದ್ದದ್ದು ಮೊದಲ ಎರಡು. ಹತ್ತು ಮನೆಗೆ ಆರೇಳು ಮನೆಯಲ್ಲಿ ಚೀಟಿ ಸಿಕ್ಕಿತು. ಗೋಡೆಯ ತಂತಿಗೆ ಚುಚ್ಚಿದ್ದು, ಕ್ಯಾಲೆಂಡರ್ ಹಿಂದೆ ಸಿಕ್ಕಿಸಿದ್ದು, ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿದ್ದು. ಮಂಡಿಯವರ ಹತ್ತಿರ ಸಾಲದ ಲೆಕ್ಕ ಇರುವವರು ಒಂದನ್ನೂ ಬಿಸಾಡುವುದಿಲ್ಲ. ಚೀಟಿ ತಾನಾಗೇ ಹೊರಗೆ ಬರಲು ಮೊದಲು ಕೇಳುವ ಪ್ರಶ್ನೆ ಒಂದಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಕಸುಬು.

ಹೋಲಿಕೆಗೆ ಅದೇ ಊರಿನಲ್ಲಿ ಅರ್ಜಿ ಹಾಕಿಯೂ ಹೊಂಡ ಸಿಗದವರನ್ನು ತೆಗೆದುಕೊಂಡೆ. ಹೊಂಡ ಬೇಕು ಅನ್ನೋ ಮನಸ್ಸು ಇಬ್ಬರಿಗೂ ಇತ್ತು, ಹಾಗಾಗಿ ಹೋಲಿಕೆ ನಿಲ್ಲುತ್ತದೆ. ಕೆ.ಸಿ. ವ್ಯಾಲಿ ಯೋಜನೆಯ ನೀರು (ಬೆಂಗಳೂರಿನಿಂದ ಬರುವ ಸಂಸ್ಕರಿಸಿದ ಕೊಳಚೆ ನೀರು) ತುಂಬುವ ಕೆರೆಗಳ ಆಸುಪಾಸಿನ ಊರುಗಳನ್ನು ಬೇರೆ ಪಟ್ಟಿ ಮಾಡಿದೆ. 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂದ ಮೇಲೆ ಆ ಸಾಲಿನ ಬೋರ್‌ವೆಲ್‌ಗಳ ಕಥೆಯೇ ಬೇರೆ. ಅಲ್ಲಿನ ಬೆಳೆಯನ್ನು ಹೊಂಡದ ಖಾತೆಗೆ ಹಾಕಿದರೆ ವರದಿ ಸುಳ್ಳಾಗುತ್ತದೆ.

ಸಿಕ್ಕ ಉತ್ತರ ಇದು. ಮಳೆ ಜೋರಾಗಿದ್ದ 2022ರಲ್ಲಿ ಇಬ್ಬರ ಚೀಟಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಬರ ಬಂದ 2023ರಲ್ಲಿ ಹೊಂಡ ಇಲ್ಲದವರ ಚೀಟಿ ಬೇಗ ನಿಂತಿತ್ತು, ಇದ್ದವರದ್ದು ಇನ್ನೂ ಎರಡು ಮೂರು ವಾರ ನಡೆದಿತ್ತು. ನೀರು ಇಂಗದಂತೆ ಒಳಗೆ ಹಾಸಿದ ಪ್ಲಾಸ್ಟಿಕ್ ಹೊದಿಕೆ ಹರಿದ ಹೊಂಡದವರು ಹೊಂಡ ಇಲ್ಲದವರ ಸಾಲಿಗೇ ಸೇರಿದ್ದರು. ‘ಆದಾಯ ಇಷ್ಟು ಪರ್ಸೆಂಟ್ ಹೆಚ್ಚಳ’ ಅನ್ನುವ ಸಾಲಿಗಿಂತ ಇಲಾಖೆಗೆ ಇದೇ ಉಪಯೋಗ. ಹೊದಿಕೆ ಬದಲಿಸಲು ದುಡ್ಡು ಇಡಬೇಕು ಅಂತ ಧೈರ್ಯವಾಗಿ ಬರೆದೆ.

ಖರ್ಚು ಹೆಚ್ಚಾಯಿತು ಅಂದುಕೊಳ್ಳಬೇಡಿ. ಮನೆಗಳನ್ನು 600ರಿಂದ 200ರ ಹತ್ತಿರಕ್ಕೆ ಇಳಿಸಿದೆ. ಹುಡುಗರಿಗೆ ಫಾರಂ ಲೆಕ್ಕ ಬಿಟ್ಟು ದಿನಕ್ಕೆ 900 ಕೊಟ್ಟೆ. ಮುಳಬಾಗಿಲು, ಶ್ರೀನಿವಾಸಪುರಕ್ಕೆ ತೆಲುಗು ಬಲ್ಲವರನ್ನೇ ಕಳಿಸಿದೆ. ಒಟ್ಟು ಖರ್ಚು ಹೆಚ್ಚುಕಡಿಮೆ ಅಷ್ಟೇ. ಕಷ್ಟ ಆದದ್ದು ವರದಿಗೆ ಒಪ್ಪಿಗೆ ಕೊಡುವ ಸಮಿತಿಯನ್ನು ಒಪ್ಪಿಸಲು. ಸ್ಯಾಂಪಲ್ ಕಡಿಮೆ ಅಂತ ಮೊದಲ ವರದಿಯನ್ನು ಎರಡು ಸಲ ವಾಪಸ್ ಕಳಿಸಿದರು. ಕಂತು ತಡವಾಗಿ, ನಾಲ್ಕೈದು ತಿಂಗಳು ಕೈಯಿಂದಲೇ ಸಂಬಳ ಕೊಟ್ಟೆ.

ನಮ್ಮ ರಾಜ್ಯಕ್ಕೆ 2000ದಲ್ಲೇ ಮೌಲ್ಯಮಾಪನ ನೀತಿ ಬಂತು, 2011ರಲ್ಲಿ ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರವೂ ಆಯಿತು. ಇಷ್ಟು ಮುಂದಿರುವ ನಾವು ಟೆಂಡರಿನಲ್ಲಿ ಎಷ್ಟು ಮನೆ ಅಂತ ಕೇಳುತ್ತೇವೆ. ಎಷ್ಟು ಮನೆಯಲ್ಲಿ ಕಾಗದದ ಸಾಕ್ಷಿ ನೋಡಿದಿರಿ ಅಂತಲೂ ಕೇಳಬೇಕು. ಬರೀ ಕಡಿಮೆ ರೇಟಿಗೆ ಕೆಲಸ ಕೊಟ್ಟರೆ ಫಾರಂ ಆಫೀಸಿನಲ್ಲೇ ತುಂಬುತ್ತದೆ.

ನಡುವೆ ಉಪಗ್ರಹ ಚಿತ್ರದಲ್ಲೂ ಹೊಂಡ ಹುಡುಕಿ ನೋಡಿದೆ. 12 ಮೀಟರ್ ಚೌಕದ ಹೊಂಡ ಚೆನ್ನಾಗಿ ಕಾಣುತ್ತದೆ, ಪಟ್ಟಿಯಲ್ಲಿರುವ ಹೊಂಡ ಜಮೀನಿನಲ್ಲಿದೆಯೋ ಇಲ್ಲವೋ ಅಂತ ಗೊತ್ತಾಗುತ್ತದೆ. ನೀರು ಎಷ್ಟಿತ್ತು ಅಂತ ಮಾತ್ರ ತಿಳಿಯದು, ಮಳೆಗಾಲದಲ್ಲಿ ಬರೀ ಮೋಡ.

ಈಗ ಚಿಂತಾಮಣಿ ಕಡೆ ಮೇವಿನ ಕಾರ್ಯಕ್ರಮವೊಂದರ ಕೆಲಸ ಸಿಕ್ಕಿದೆ. ಅಲ್ಲಿ ಮಂಡಿ ಚೀಟಿ ಬದಲು ಡೇರಿ ಬಟವಾಡೆ ಪುಸ್ತಕ, ಅಂದರೆ ಹಾಕಿದ ಹಾಲಿನ ಲೆಕ್ಕ ಮತ್ತು ದುಡ್ಡು ಬರೆಯುವ ಪುಸ್ತಕ. ಲೀಟರ್, ಫ್ಯಾಟ್ ಎರಡೂ ಬರೆದಿರುತ್ತಾರೆ. ಫ್ಯಾಟ್ ನೋಡಿ ಮೇವು ಬದಲಾದ ವಾರ ಹಿಡಿಯಬಹುದಾ ಅಂತ ಒಂದು ಊರಿನಲ್ಲಿ ಶುರು ಮಾಡಿದ್ದೇನೆ.