ಎರಡು ಕಿಲೋ ಸಕ್ಕರೆ

ಗದಗ ಜಿಲ್ಲೆಯ ಒಂದು 33/11 ಕೆ.ವಿ. ಸಬ್‌ಸ್ಟೇಷನ್ನಿನಲ್ಲಿ ನಾನು ಆಪರೇಟರ್. ನಮ್ಮ ಕೆಲಸದಲ್ಲಿ ಬರೆಯುವುದು ದಿನಾ ಇದ್ದೇ ಇರುತ್ತದೆ. ತಾಸಿಗೊಮ್ಮೆ ಎದ್ದು ಪ್ಯಾನೆಲ್ ಮುಂದೆ ನಿಂತು ಮೀಟರ್ ಓದಿ ಲಾಗ್ ಬುಕ್ ತುಂಬಬೇಕು. ವೋಲ್ಟೇಜ್ ಎಷ್ಟು, ಯಾವ ಫೀಡರ್ ಎಷ್ಟು ಆಂಪ್ಸ್ ಎಳೆಯುತ್ತಿದೆ, ಟ್ರಾನ್ಸ್‌ಫಾರ್ಮರ್ ಎಣ್ಣೆಯ ಬಿಸಿ ಎಷ್ಟಾಗಿದೆ. ಲೈನ್ ಟ್ರಿಪ್ ಆದರೆ ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ, ಮತ್ತೆ ಚಾರ್ಜ್ ಮಾಡಿದ್ದು ಯಾವಾಗ. ಹನ್ನೊಂದು ವರ್ಷ ಹೀಗೆ ಬರೆದಿದ್ದೆ. ಇದೇ ಬರವಣಿಗೆ ಒಂದು ದಿನ ನನ್ನನ್ನು ಕಾಪಾಡುತ್ತದೆ ಎಂದು ಗೊತ್ತಿರಲಿಲ್ಲ.

2018ರ ಮಳೆಗಾಲದಲ್ಲಿ ನಮ್ಮ ಮೊದಲ ಮಗು ಎಂಟನೇ ತಿಂಗಳಲ್ಲಿ ಹೊಟ್ಟೆಯಲ್ಲೇ ತೀರಿಕೊಂಡಿತು. ಗಂಡು ಮಗು. ತಾಯಿಗೆ ತೋರಿಸಬೇಡಿ, ತಡಕೊಳ್ಳಲಾರಳು ಎಂದು ಹಿರಿಯರು ಹೇಳಿದರು. ನಾನೂ ಹೂಂ ಅಂದೆ. ಬಿಳಿ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ಕಾಕಾ ಬೈಕ್ ಓಡಿಸಿದರು, ನಾನು ಹಿಂದೆ ಕೂತೆ. ಹೊಲದ ಬದುವಿನ ಮೇಲೆ ಬೇವಿನ ಗಿಡದ ಕೆಳಗೆ ಕಾಕಾನೇ ಕುಣಿ ತೋಡಿದರು. ಹಸಿ ಎರೆಮಣ್ಣು ಸಲಿಕೆಗೆ ಅಂಟುತ್ತಿತ್ತು. ನಾಲ್ಕು ಸಲ ಮಣ್ಣು ಎತ್ತಿದರೆ ಒಂದು ಸಲ ಸಲಿಕೆ ಕೆರೆಯಬೇಕು. ಅಷ್ಟು ಹೊತ್ತೂ ನಾನು ಕೂಸನ್ನು ಎತ್ತಿಕೊಂಡೇ ನಿಂತಿದ್ದೆ. ಬಟ್ಟೆ ಸರಿಸಿ ಮುಖ ನೋಡಲಿಲ್ಲ.

ತಿರುಗಿ ಬರುವಾಗ ಕಾಕಾ ಹೇಳಿದರು: "ತಮ್ಮಾ, ನೀ ಗಟ್ಟಿ ಇರಬೇಕ. ನೀನ ಅತ್ರ ಆಕಿನ್ನ ಹಿಡಿಯಾವ್ರು ಯಾರು?"

ಪ್ರೀತಿಯಿಂದ ಹೇಳಿದ ಮಾತು ಅದು. ಅದನ್ನು ನಾನು ಎಂಟು ತಿಂಗಳು ಚಾಚೂ ತಪ್ಪದೆ ಪಾಲಿಸಿದೆ. ನೈಟ್ ಡ್ಯೂಟಿ ಬೇಡಿ ಹಾಕಿಸಿಕೊಂಡೆ, ಹಗಲೆಲ್ಲ ಮಲಗಿದೆ. ಓಣಿಯ ಹೆಂಗಸರು ಬಂದು ಹೆಂಡತಿಯ ಹತ್ತಿರ ಕೂತು, ಅವಳ ಜೊತೆ ತಾವೂ ಅತ್ತು ಹೋಗುತ್ತಿದ್ದರು. ನನಗೆ ಎದುರಾದವರು ಕೇಳುತ್ತಿದ್ದದ್ದು ಒಂದೇ: "ಆಕಿ ಹೆಂಗದಾಳ?" ನೀ ಹೆಂಗದೀ ಎಂದು ಯಾರೂ ಕೇಳಲಿಲ್ಲ. ಅವರನ್ನು ದೂರುತ್ತಿಲ್ಲ, ಕೇಳಿದ್ದರೂ ಆರಾಮ ಅದೀನಿ ಎನ್ನುತ್ತಿದ್ದೆ. ಆದರೆ ಚಹಾದಲ್ಲಿ ಸಕ್ಕರೆ ಕಡಿಮೆಯಾದರೆ ಕಪ್ಪು ಎತ್ತಿ ಒಗೆಯುವಷ್ಟು ಸಿಟ್ಟು ಬರುತ್ತಿತ್ತು. ಅವ್ವ ನನ್ನ ಜೊತೆ ಮಾತಾಡುವುದನ್ನೇ ಕಡಿಮೆ ಮಾಡಿದಳು.

ಯುಗಾದಿಗೆ ಮುಂಚಿನ ವಾರ ಕಿರಾಣಿ ಅಂಗಡಿಗೆ ಹೋದೆ. ಎರಡು ಕಿಲೋ ಸಕ್ಕರೆ ಕೇಳಿದೆ. ಅಂಗಡಿಯವರು ತೂಗಿ, ಚೀಲದ ಬಾಯಿ ಕಟ್ಟಿ ಚಾಚಿದರು. ಯಾಕೋ ಎರಡೂ ಕೈಯಲ್ಲಿ ಇಸಿದುಕೊಂಡೆ. ಅದೇ ಭಾರ. ನನಗಿಂತ ಮೊದಲು ನನ್ನ ಕೈಗೆ ಗೊತ್ತಾಯಿತು. ಹಿಂದೆ ನಿಂತವರು "ಸರೀರಿ" ಎನ್ನುತ್ತಿದ್ದರೂ ಸರಿಯಲು ಆಗಲಿಲ್ಲ.

ಅವತ್ತು ರಾತ್ರಿ ಒಂದು ಗಂಟೆಯ ರೀಡಿಂಗ್ ಬರೆದು ಕೂತೆ. ಪಂಪ್‌ಸೆಟ್ಟುಗಳಿಗೆ ತ್ರೀ ಫೇಸ್ ಬಿಟ್ಟಿದ್ದೆ, ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುತ್ತಿತ್ತು. ಒಂದು ಹಳೆಯ ಲಾಗ್ ಶೀಟ್ ತಿರುವಿ ಹಿಂಬದಿಯಲ್ಲಿ ಬರೆದೆ: 'ನನಗೆ ಬಹಳ ದುಃಖವಾಗಿದೆ.' ಮುಂದಿನ ವಾಕ್ಯ ಹುಟ್ಟಲಿಲ್ಲ. ಆ ಮಾತು ನನ್ನದೇ ಅಲ್ಲ. ಶ್ರದ್ಧಾಂಜಲಿ ಬ್ಯಾನರಿನ ಮಾತು. ಹೊಡೆದುಹಾಕಿದೆ. ಕೈ ತನಗೆ ಗೊತ್ತಿದ್ದ ರೀತಿಯಲ್ಲಿ ಬರೆಯಿತು: 'ಸಂಜೆ 6.40. ಕಿರಾಣಿ ಅಂಗಡಿ. ಸಕ್ಕರೆ 2 ಕೆ.ಜಿ.' ಅದರ ಕೆಳಗೆ, 'ಅವನು ಎರಡೂ ಕೈ ಚಾಚಿದ.'

ನಾನು ಅಂತ ಬರೆಯಲಿಲ್ಲ, ಅವನು ಅಂತ ಬಂತು. ನನಗೆ ಗಟ್ಟಿ ಇರು ಎಂದಿದ್ದರು. 'ಅವನಿಗೆ' ಯಾರೂ ಹಾಗೆ ಹೇಳಿರಲಿಲ್ಲ. ಅವನು ಅಂಗಡಿಯಲ್ಲಿ ನಿಂತ, ಚೀಲವನ್ನು ಎದೆಗೆ ಒತ್ತಿಕೊಂಡ, ಬೈಕಿನ ಹುಕ್ಕಿಗೆ ಸಿಕ್ಕಿಸದೆ ತೊಡೆಯ ಮೇಲೆ ಇಟ್ಟುಕೊಂಡೇ ಮನೆಗೆ ಬಂದ. ಎರಡು ಗಂಟೆಯ ರೀಡಿಂಗ್ ಹೊತ್ತಿಗೆ ಶೀಟ್ ತುಂಬಿತ್ತು.

ನಾಲ್ಕು ರಾತ್ರಿ ಹೀಗೇ ಬರೆದೆ. ರೀಡಿಂಗಿಗೆ ಏಳಲೇಬೇಕು ಎನ್ನುವುದು ನನಗೆ ದೊಡ್ಡ ಆಸರೆಯಾಯಿತು. ಬಾವಿಗೆ ಇಳಿಯುವವನ ಸೊಂಟಕ್ಕೆ ಹಗ್ಗ ಕಟ್ಟಿದ ಹಾಗೆ. ಇಳಿದರೂ ತಾಸಿಗೊಮ್ಮೆ ಮೇಲೆ ಬರಲೇಬೇಕು. ಮನೆಯಲ್ಲಿ ಬರೆಯುವವರಿಗೂ ನಾನು ಹೇಳುವುದು ಇದನ್ನೇ: ಹದಿನೈದು ಇಪ್ಪತ್ತು ನಿಮಿಷಕ್ಕೆ ಅಲಾರಂ ಇಡಿ, ಬಡಿದ ತಕ್ಷಣ ಎದ್ದು ಮುಖ ತೊಳೆದು ಯಾವುದಾದರೂ ಕೆಲಸ ಹಿಡಿಯಿರಿ. ಮೊದಲ ರಾತ್ರಿ ಹಗುರಾಗಲಿಲ್ಲ, ಇನ್ನೂ ಭಾರವಾಯಿತು. ಬೆಳಗ್ಗೆ ಮನೆಗೆ ಹೋಗಿ ಊಟ ಬೇಡ ಎಂದು ಮಲಗಿದೆ. ಆ ಒಂದು ದಿನ ನೋಡಿ ಇದು ನಮಗೆ ಆಗಿಬರುವುದಿಲ್ಲ ಎಂದು ಬಿಟ್ಟುಬಿಡುವವರು ಬಹಳ.

ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಬಗ್ಗೆ ಓದಿದ್ದು ಆಮೇಲೆ. ಸ್ಯಾಂಡ್ರಾ ಬೀಲ್ ಜೊತೆ ಅವರು 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳು 4 ದಿನ, ದಿನಕ್ಕೆ 15 ನಿಮಿಷ ತಮ್ಮ ಬದುಕಿನ ದೊಡ್ಡ ಪೆಟ್ಟುಗಳ ಬಗ್ಗೆ ಬರೆದಿದ್ದರು. ಬರೆದ ಕೂಡಲೇ ಅವರ ಮನಸ್ಸೂ ಕುಗ್ಗಿತ್ತು. ಆದರೆ ನಡೆದದ್ದನ್ನೂ ಆಗ ಅನಿಸಿದ್ದನ್ನೂ ಸೇರಿಸಿ ಬರೆದವರು ಮುಂದಿನ 6 ತಿಂಗಳಲ್ಲಿ ಕಾಲೇಜಿನ ದವಾಖಾನೆಗೆ ಹೋದದ್ದು ಕಡಿಮೆ. ಆಮೇಲೆ ಬಂದ ನೂರಾರು ಅಧ್ಯಯನಗಳನ್ನು ಒಟ್ಟಿಗೆ ನೋಡಿದರೆ ಲಾಭ ಸಣ್ಣದು, ಆದರೆ ಇದೆ. ನನಗೆ ಅಷ್ಟು ಸಾಕು. ಪೆನ್ನು ಹಾಳೆಗೆ ಖರ್ಚೇನು?

ಅವರ ವಿದ್ಯಾರ್ಥಿಗಳು ನಡೆದದ್ದನ್ನು ಬರೆದರು. ನನ್ನನ್ನು ಎತ್ತಿದ್ದು ನಡೆಯದೇ ಇದ್ದದ್ದನ್ನು ಬರೆದದ್ದು. ಎರಡನೇ ಕತೆಯಲ್ಲಿ ಅವನು ಬೈಕ್ ನಿಲ್ಲಿಸಲು ಹೇಳುತ್ತಾನೆ. ಕಾಲುವೆಯ ಸೇತುವೆ ಹತ್ತಿರ ಇಳಿದು, ಬಟ್ಟೆ ಸರಿಸಿ ಮುಖ ನೋಡುತ್ತಾನೆ. ಅಲ್ಲಿ ನನ್ನ ಪೆನ್ನು ನಿಂತಿತು. ಏನು ಕಾಣಿಸಿತು ಎಂದು ಬರೆಯಬೇಕಲ್ಲ! ಮೂಗು ಯಾರದು? ಕೂದಲು ಎಷ್ಟಿತ್ತು? ಮೂರು ರಾತ್ರಿ ಯೋಚಿಸಿ ಮೂಗು ನಮ್ಮಪ್ಪನದು ಎಂದು ಬರೆದೆ, ಅಗಲ ಹೊಳ್ಳೆಯದು. ಬರೆದು, ಕಂಟ್ರೋಲ್ ರೂಮಿನ ಬಾಗಿಲು ಹಾಕಿಕೊಂಡು ಅತ್ತೆ. ಎಂಟು ತಿಂಗಳ ಮೇಲೆ ಮೊದಲ ಸಲ. ಆ ತಾಸಿನ ರೀಡಿಂಗ್ ಹತ್ತು ನಿಮಿಷ ತಡವಾಯಿತು.

ಗಂಡಸರಿಗೆ ಕತೆ ಕವಿತೆ ಯಾಕೆ ಎಂದು ಕೇಳುವವರಿಗೆ ನಾನು ಬೇಂದ್ರೆಯವರನ್ನು ನೆನಪಿಸುತ್ತೇನೆ. ಮಗುವನ್ನು ಕಳೆದುಕೊಂಡ ಅಪ್ಪ ಹೆಂಡತಿಯ ನೋಟವನ್ನು ಎದುರಿಸಲಾಗದೆ ಒದ್ದಾಡುವ ಅವರ 'ನೀ ಹೀಂಗ ನೋಡಬ್ಯಾಡ ನನ್ನ' ಕವಿತೆಯನ್ನು ಹಾಡಿದ್ದು ನಮ್ಮ ಕಡೆ ಕೇಳದವರಿಲ್ಲ. ನಾನೂ ಸಣ್ಣವನಿದ್ದಾಗಿನಿಂದ ಕೇಳಿದ್ದೆ, ಪ್ರೇಮಗೀತೆ ಎಂದೇ ತಿಳಿದಿದ್ದೆ. ಧಾರವಾಡದ ಗಂಡಸೊಬ್ಬ ಅಷ್ಟು ಹಿಂದೆಯೇ ಬಾಯಿಬಿಟ್ಟು ಹೇಳಿದ್ದನ್ನು ನಾವು ಹೇಳಬಾರದು ಎಂದು ಎಲ್ಲಿಂದ ಕಲಿತೆವೋ.

ನಮ್ಮ ಸೆಕ್ಷನ್ನಿನ ಒಬ್ಬ ಲೈನ್‌ಮನ್ ಈಗ ನನ್ನ ಜೊತೆ ಕೂತು ಬರೆಯುತ್ತಾನೆ. ಅವನ ಜೋಡಿ ಕೆಲಸ ಮಾಡುತ್ತಿದ್ದವನು ಕಂಬದ ಮೇಲೆಯೇ ಹೋದ. ಮೊದಲು ಇವನು ಬರೆದ ಒಂದು ಪುಟದಲ್ಲಿ 'ಹೃದಯ' ನಾಲ್ಕು ಸಲ, 'ಕಣ್ಣೀರು' ಆರು ಸಲ ಇತ್ತು. ಅವುಗಳನ್ನು ಬಿಟ್ಟು ಬರೆ, ಅವನ ಟೂಲ್ ಬ್ಯಾಗಿನಲ್ಲಿ ಏನೇನಿತ್ತು ಬರೆ ಎಂದೆ. ಕಟಿಂಗ್ ಪ್ಲೇಯರ್, ಟೆಸ್ಟರ್, ಅರ್ಧ ತಿಂದು ಪೇಪರಿನಲ್ಲಿ ಸುತ್ತಿಟ್ಟ ಮಂಡಕ್ಕಿ. ಮಂಡಕ್ಕಿ ಎಂದು ಬರೆದವನು ಪೆನ್ನು ಕೆಳಗಿಟ್ಟು ಹೊರಗೆ ಹೋದ. ಇನ್ನೊಂದು ಮಾತನ್ನೂ ಅವನಿಗೆ ಹೇಳಿದ್ದೆ: ಪುಸ್ತಕದ ಕನ್ನಡ ಬೇಡ, ಅವ್ವನ ಜೊತೆ ಮಾತಾಡುವ ಕನ್ನಡದಲ್ಲಿ ಬರೆ. ಬರೆದದ್ದನ್ನು ಕೂಡಲೇ ಯಾರಿಗೂ ತೋರಿಸಬೇಡ. ತೋರಿಸುತ್ತೇನೆ ಎಂದುಕೊಂಡೇ ಬರೆದರೆ ಕೈ ಸುಳ್ಳು ಹೇಳಲು ಶುರು ಮಾಡುತ್ತದೆ.

ಒಂದು ರಾತ್ರಿ ಅವನು ತನಗೂ ಕಂಬದ ಮೇಲಿಂದ ಕೈ ಬಿಡಬೇಕು ಅನಿಸುತ್ತದೆ ಎಂದ. ಅದಕ್ಕೆ ನೋಟ್‌ಬುಕ್ ಸಾಲದು. ಅಲ್ಲೇ ಕೂತು 14416ಕ್ಕೆ ಫೋನ್ ಹಚ್ಚಿ ಕೊಟ್ಟೆ. ಅದು ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಶುರು ಮಾಡಿದ ಟೆಲಿ ಮಾನಸ್, ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ. ಮರುದಿನ ನಾನೇ ಅವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಈಗ ಗುಳಿಗೆಯೂ ಇದೆ, ಬರೆಯುವುದೂ ಇದೆ.

ನನ್ನ ಮೂರನೇ ಕತೆಯನ್ನು ಹೆಂಡತಿಯ ಕಡೆಯಿಂದ ಬರೆಯಲು ಹೋದೆ. 'ಅವರು ಕೂಸನ್ನು ಒಯ್ದ ಮೇಲೆ ಅವಳು', ಅಷ್ಟೇ. ಮುಂದೆ ಏನೂ ಗೊತ್ತಿಲ್ಲ. ನಾನು ಹೊಲದಲ್ಲಿ ನಿಂತಿದ್ದ ಹೊತ್ತಿನಲ್ಲಿ ಅವಳು ಏನು ಮಾಡುತ್ತಿದ್ದಳು, ನನಗೆ ತಿಳಿದಿರಲಿಲ್ಲ. ಕಲ್ಪಿಸಿ ಬರೆಯಬಹುದಿತ್ತು. ಬರೆದೆ, ಹರಿದೆ. ಎರಡು ವಾರ ಕಳೆದ ಮೇಲೆ ಒಂದು ಮುಂಜಾನೆ, ಅವಳು ರೊಟ್ಟಿ ಬಡಿಯುತ್ತಿದ್ದಾಗ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಕೇಳಿದೆ: "ಅವತ್ತ ನಾವು ಹೊಲಕ್ಕ ಹೋದಾಗ ನೀ ಏನ ಮಾಡ್ತಿದ್ದಿ?"

ಬಡಿಯುವ ಸಪ್ಪಳ ನಿಂತಿತು. ಅವಳು ತಿರುಗಲಿಲ್ಲ. "ಬಾಜೂ ಕಾಟಿನ ಕೂಸು ಅಳಾಕ್ಹತ್ತಿತ್ತು. ಅದನ್ನ ಕೇಳ್ಕೋತ ಮಲಗಿದ್ದೆ" ಎಂದಳು. ಹೆಂಚಿನ ಮೇಲಿನ ರೊಟ್ಟಿ ಹೊತ್ತುವ ವಾಸನೆ ಬಂತು. ಅದನ್ನು ತೆಗೆದಿಟ್ಟು, ಹಿಟ್ಟಿನ ಕೈಯಲ್ಲೇ ನನ್ನ ಎದುರಿಗೆ ಬಂದು ಕೂತಳು.

"ರೀ, ಅಂವಾ ಎಷ್ಟ ಭಾರ ಇದ್ದ?"

ನಾನು ಎದ್ದು ಹೋಗಿ ಸಕ್ಕರೆ ಡಬ್ಬಿ ತಂದೆ, ಅಳತೆ ನೋಡಿ ತುಂಬಿ ಟವೆಲ್ಲಿನಲ್ಲಿ ಸುತ್ತಿದೆ, ಅವಳ ಕೈಯಲ್ಲಿಟ್ಟೆ.